ಎದೆಯೊಳಗಿನ ಕವಾಟ ಕೆಟ್ಟರೆ ತಿಳಿಯುವುದು ಹೇಗೆ?

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1950ರ ದಶಕದಲ್ಲಿ ಕೆಲವು ರೋಗಿಗಳಿದ್ದರು. ಅವರು ಬಂದು ಕುಳಿತರೆ ಎದೆಯ ಸದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಫ್ನಗೆಲ್ 1952ರ ಸೆಪ್ಟೆಂಬರ್ 11ರಂದು ಮೊದಲ ಬಾರಿಗೆ ಮನುಷ್ಯರ ದೇಹದಲ್ಲಿ ಕೂರಿಸಿದ, ಹೃದಯದ ಕೃತಕ ಕವಾಟದ ಸದ್ದು ಅದು. ಪ್ಲೆಕ್ಸಿಗ್ಲಾಸಿನ ಒಂದು ಕೊಳವೆ, ಅದರೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಒಂದು ಗುಂಡು, ಅಷ್ಟೇ ಅದರ ರಚನೆ. ಹೃದಯವನ್ನು ನಿಲ್ಲಿಸಿ ಒಳಗೆ ಕೈಹಾಕಲು ಬೇಕಾದ ಯಂತ್ರ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಹಫ್ನಗೆಲ್ ಆ ಕೊಳವೆಯನ್ನು ಹೃದಯದಿಂದ ಆಚೆ, ಎದೆಯಲ್ಲಿ ಕೆಳಮುಖವಾಗಿ ಇಳಿಯುವ ಮಹಾಧಮನಿಯಲ್ಲಿ ಸೇರಿಸಿದರು. ಸದ್ದಿನ ಕಾಟ ತಾಳಲಾರದೆ ಮುಂದೆ ಗುಂಡಿಗೆ ಸಿಲಿಕೋನ್ ರಬ್ಬರಿನ ಹೊದಿಕೆ ಹಾಕಬೇಕಾಯಿತು.

ರೋಗಿಗೆ ಕಿರಿಕಿರಿಯಾಗಿದ್ದ ಆ ಸದ್ದೇ ವೈದ್ಯರಿಗೆ ದಕ್ಕಿದ ಮೊದಲ ಪರೀಕ್ಷೆಯಾಯಿತು. ಎದೆಯೊಳಗೆ ಸೇರಿಸಿ ಹೊಲಿದುಬಿಟ್ಟ ಯಂತ್ರವನ್ನು ಬಿಚ್ಚಿ ನೋಡುವಂತಿಲ್ಲ. ನಿಮಿಷಕ್ಕೆ 72 ಬಡಿತ ಎಂದು ಹಿಡಿದರೂ ಅದು ವರ್ಷಕ್ಕೆ ಸುಮಾರು 3.78 ಕೋಟಿ ಸಲ ತೆರೆದು ಮುಚ್ಚಬೇಕು, ಒಂದು ದಿನವೂ ಬಿಡುವಿಲ್ಲ. ಅದು ಕೆಡುತ್ತಿದೆಯೆಂದು ಹೊರಗಿನಿಂದ ತಿಳಿಯುವುದು ಹೇಗೆ? ಎಪ್ಪತ್ತು ವರ್ಷಗಳಿಂದ ವೈದ್ಯರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಇವತ್ತು ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆಗಳಲ್ಲಿ ಹಲವು, ಯಾವುದೋ ಒಂದು ಕವಾಟ ಯಾವುದೋ ಒಂದು ರೀತಿಯಲ್ಲಿ ಕೈಕೊಟ್ಟು, ಜೀವಗಳು ಹೋದ ಮೇಲೆ ರೂಪುಗೊಂಡವು. ಯಂತ್ರ ಮೊದಲು ಬಂತು, ಅದನ್ನು ಅನುಮಾನಿಸುವ ವಿದ್ಯೆ ಹಿಂದಿನಿಂದ ಬಂತು.

1960ರಲ್ಲಿ ಒಂದೇ ವರ್ಷದೊಳಗೆ ಹಲವರು ಹೃದಯದ ಒಳಗೇ ಕವಾಟ ಕೂರಿಸಿದರು. ಬಾಸ್ಟನ್ನಿನಲ್ಲಿ ಡ್ವೈಟ್ ಹಾರ್ಕನ್ ಮಾರ್ಚ್ 10ರಂದು, ಮರುದಿನವೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನೀನಾ ಬ್ರೌನ್‌ವಾಲ್ಡ್, ಸೆಪ್ಟೆಂಬರ್ 21ರಂದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಆಲ್ಬರ್ಟ್ ಸ್ಟಾರ್. ಇವರಲ್ಲಿ ಸ್ಟಾರ್ ಕತೆ ಸ್ವಾರಸ್ಯದ್ದು. ಲೋವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಎಂಜಿನಿಯರ್ 1958ರಲ್ಲಿ ಆ ಯುವ ವೈದ್ಯನ ಬಳಿ ಬಂದು, ಇಡೀ ಕೃತಕ ಹೃದಯವನ್ನೇ ಮಾಡೋಣ ಎಂದರು. ಮೊದಲು ಒಂದು ಕವಾಟದಿಂದ ಶುರುಮಾಡೋಣ ಎಂದರು ಸ್ಟಾರ್. ಎಲೆಯಂಥ ರೆಕ್ಕೆಗಳುಳ್ಳ ಅವರ ಮೊದಲ ಮಾದರಿ ನಾಯಿಗಳ ಎದೆಯಲ್ಲಿ ಎರಡು ಮೂರು ದಿನಕ್ಕೇ ರಕ್ತ ಹೆಪ್ಪುಗಟ್ಟಿ ನಿಂತುಹೋಗುತ್ತಿತ್ತು. ಕೊನೆಗೆ ಲೋಹದ ಪಂಜರದೊಳಗೆ ಸಿಲಿಕೋನ್ ಗುಂಡನ್ನಿಟ್ಟ ಮಾದರಿಗೆ ಬಂದು ನಿಂತರು. ಅದನ್ನು ಹಾಕಿಸಿಕೊಂಡ 52 ವರ್ಷದ ರೋಗಿಯೊಬ್ಬರು ಆಮೇಲೆ ಹತ್ತು ವರ್ಷ ಬದುಕಿದರು, ಸತ್ತದ್ದು ಏಣಿಯಿಂದ ಬಿದ್ದು. ಸ್ಟಾರ್-ಎಡ್ವರ್ಡ್ಸ್ ಕವಾಟ ಲೋಕದ ತುಂಬ ಹೆಸರಾಯಿತು.

ಕೆಲವೇ ವರ್ಷಗಳಲ್ಲಿ ಗುಂಡೇ ರೋಗಕ್ಕೆ ಗುರಿಯಾಯಿತು. ಮಹಾಧಮನಿಯ ಬಾಯಲ್ಲಿ ಕೂರಿಸಿದ ಕವಾಟಗಳಲ್ಲಿ ಸಿಲಿಕೋನ್ ಗುಂಡು ರಕ್ತದ ಕೊಬ್ಬನ್ನು ಹೀರಿಕೊಂಡು ಹಳದಿಗೆ ತಿರುಗುತ್ತಿತ್ತು, ಊದುತ್ತಿತ್ತು, ಬಿರಿಯುತ್ತಿತ್ತು. ಊದಿದ ಗುಂಡು ಪಂಜರದಲ್ಲಿ ಸಿಕ್ಕಿಕೊಂಡರೆ ರೋಗಿ ಅಲ್ಲೇ ಕುಸಿಯುತ್ತಿದ್ದ. ಗುಂಡಿನ ಈ ವಿಕಾರ ಮೊದಮೊದಲು ಗೊತ್ತಾದದ್ದು ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ.

ಆಗ ವೈದ್ಯರು ಮತ್ತೆ ಸದ್ದಿಗೆ ಕಿವಿಗೊಟ್ಟರು. ಪಂಜರದ ಕವಾಟ ಎರಡು ಸದ್ದು ಮಾಡುತ್ತದೆ: ಗುಂಡು ಮೇಲೆ ಹಾರಿ ಪಂಜರದ ತುದಿಗೆ ಬಡಿದಾಗ ಒಂದು, ಕೆಳಗಿಳಿದು ಪೀಠದ ಮೇಲೆ ಕೂತಾಗ ಇನ್ನೊಂದು. ಗುಂಡು ಊದಿ ಮೆತ್ತಗಾದರೆ ತೆರೆಯುವ ಸದ್ದು ಮಂಕಾಗುತ್ತದೆ. ಎದೆಯ ಸದ್ದನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಫೋನೋಕಾರ್ಡಿಯೋಗ್ರಾಫ್ ಯಂತ್ರದಲ್ಲಿ ಆ ಎರಡು ಸದ್ದುಗಳ ಎತ್ತರವನ್ನು ಅಳೆದು ಹೋಲಿಸಬಹುದಿತ್ತು. ತೆರೆಯುವ ಸದ್ದು ಮುಚ್ಚುವ ಸದ್ದಿನ ಅರ್ಧಕ್ಕಿಂತ ಕಡಿಮೆಯಾದರೆ ಗುಂಡು ಕೆಟ್ಟಿದೆಯೆಂದು ಅನುಮಾನಿಸಬೇಕು ಎಂದು ಆರೆಗಾನ್ ತಂಡ ಹೇಳಿತು. ಬರಿಯ ಗೆರೆಯ ಎತ್ತರವನ್ನು ಅಳೆದು ಎದೆ ತೆರೆಯುವ ತೀರ್ಮಾನಕ್ಕೆ ಬರುವುದು ಆ ಕಾಲಕ್ಕೆ ದೊಡ್ಡ ಧೈರ್ಯವೇ. ಇತ್ತ ಸಿಲಿಕೋನನ್ನು ಹದಗೊಳಿಸುವ ವಿಧಾನವನ್ನೂ ಬದಲಾಯಿಸಿದರು, ಗುಂಡಿನ ಕಾಯಿಲೆ ಇಳಿಮುಖವಾಯಿತು.

ಕಣ್ಣಿಗೆ ಕಾಣುವ ಪರೀಕ್ಷೆಗಳು ಬೇರೆ ದಾರಿಯಲ್ಲಿ ಬಂದವು. ಸ್ವೀಡನ್ನಿನ ಲುಂಡ್ ನಗರದಲ್ಲಿ ಹೃದ್ರೋಗ ತಜ್ಞ ಇಂಗೆ ಎಡ್ಲರ್ ಅವರಿಗೆ ಎದೆ ತೆರೆಯದೆ ಕವಾಟವನ್ನು ನೋಡಬೇಕೆಂಬ ಹಂಬಲವಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಜೊತೆಗೂಡಿದರು. ಲೋಹದೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಹುಡುಕುವ ಯಂತ್ರವನ್ನು ಮಾಲ್ಮೋ ಹಡಗುಕಟ್ಟೆಯಿಂದ ಎರವಲು ತಂದು ಹರ್ಟ್ಸ್ ತಮ್ಮ ಎದೆಯ ಮೇಲೇ ಇಟ್ಟು ನೋಡಿದರು. ಹೃದಯ ಬಡಿದಂತೆ ಅಲುಗುವ ಪ್ರತಿಧ್ವನಿ ಪರದೆಯ ಮೇಲೆ ಮೂಡಿತು. ಸೀಮೆನ್ಸ್ ಕಂಪನಿ ಕೊಟ್ಟ ಯಂತ್ರದಲ್ಲಿ 1953ರ ಅಕ್ಟೋಬರ್ 29ರಂದು ಅವರು ಹೃದಯದ ಚಲನೆಯನ್ನು ದಾಖಲಿಸಿದರು. ಊರೂರಿನಲ್ಲೂ ಇವತ್ತು 'ಎಕೋ ಮಾಡಿಸಿದಿರಾ?' ಎಂದು ಕೇಳುವ ಪರೀಕ್ಷೆಯ ಮೂಲ ಅದು. ಹಡಗಿನ ಲೋಹವನ್ನು ಪರೀಕ್ಷಿಸಲು ಹುಟ್ಟಿದ ವಿದ್ಯೆ ಮುಂದೆ ಹೃದಯದೊಳಗಿನ ಲೋಹವನ್ನೂ ಪರೀಕ್ಷಿಸಬೇಕಾಗಿ ಬಂದದ್ದು ಇತಿಹಾಸದ ಸೊಗಸು.

ಆದರೆ ಲೋಹವೇ ಎಕೋಗೆ ಅಡ್ಡಿ. ಧ್ವನಿಯ ಅಲೆ ಲೋಹಕ್ಕೆ ಬಡಿದು ಹಿಂದಿರುಗುತ್ತದೆ, ಅದರ ಹಿಂದೆ ಏನಿದೆಯೋ ಎಲ್ಲ ನೆರಳಿನಲ್ಲಿ ಮುಳುಗುತ್ತದೆ. ಕವಾಟದ ಆಚೆ ಈಚೆಯ ಒತ್ತಡದ ವ್ಯತ್ಯಾಸ ತಿಳಿಯಬೇಕಾದರೆ ಹೃದಯದೊಳಕ್ಕೆ ಸಣ್ಣ ಕೊಳವೆ ತೂರಿಸಬೇಕಿತ್ತು. ಗುಂಡಿನ ಬದಲು ಓಲಾಡುವ ಬಿಲ್ಲೆಯಿರುವ ಕವಾಟದ ಮೂಲಕ ಅದನ್ನು ತೂರಿಸಿದರೆ ಬಿಲ್ಲೆಯಲ್ಲಿ ಸಿಕ್ಕಿಕೊಳ್ಳುವ ಭಯ, ಹಾಗೆ ಸಿಕ್ಕಿ ಪ್ರಾಣಕ್ಕೇ ಸಂಚಕಾರ ಬಂದದ್ದೂ ಉಂಟು. ಬೇರೆ ದಾರಿಯೆಂದರೆ ಎದೆಯ ಹೊರಗಿನಿಂದ ಸೂಜಿಯಲ್ಲಿ ನೇರವಾಗಿ ಹೃದಯವನ್ನು ಚುಚ್ಚುವುದು. ಪರೀಕ್ಷೆಯೇ ರೋಗಕ್ಕಿಂತ ಭಯ ಹುಟ್ಟಿಸುತ್ತಿದ್ದ ಕಾಲ.

ನಾರ್ವೆ ದೇಶದ ಟ್ರೋಂಡ್‌ಹೈಮ್‌ನಲ್ಲಿ 1970ರ ದಶಕದ ಕೊನೆಗೆ ವೈದ್ಯೆ ಲಿವ್ ಹಾಟ್ಲೆ ಮತ್ತು ಎಂಜಿನಿಯರ್ ಬ್ಯೋರ್ನ್ ಆಂಗೆಲ್ಸನ್ ಇದಕ್ಕೆ ಹಾದಿ ಹುಡುಕಿದರು. ಅಗಲವಾದ ಹೊಳೆ ಬಂಡೆಗಳ ನಡುವೆ ಕಿರಿದಾದಲ್ಲಿ ನೀರು ರಭಸದಿಂದ ನುಗ್ಗುವಂತೆ, ಇಕ್ಕಟ್ಟಾದ ಕವಾಟದಲ್ಲಿ ರಕ್ತ ವೇಗವಾಗಿ ಚಿಮ್ಮುತ್ತದೆ. ಡಾಪ್ಲರ್ ಯಂತ್ರದಿಂದ ಆ ವೇಗವನ್ನು ಎದೆಯ ಹೊರಗಿನಿಂದಲೇ ಅಳೆಯಬಹುದು. ವೇಗವನ್ನು ವರ್ಗ ಮಾಡಿ ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಸಿಗುತ್ತದೆ. ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ 36, 4 ಮೀಟರ್ ಇದ್ದರೆ 64 ಮಿಲಿಮೀಟರ್ ಪಾದರಸದಷ್ಟು. ಹೈಸ್ಕೂಲಿನ ಮಗು ಮಾಡಬಹುದಾದ ಈ ಲೆಕ್ಕ ಎಷ್ಟೋ ರೋಗಿಗಳನ್ನು ಸೂಜಿಯಿಂದ ಪಾರುಮಾಡಿತು. ಇದರ ಬೆನ್ನಿಗೇ ಗಂಟಲಿನ ಮೂಲಕ ಅನ್ನನಾಳಕ್ಕೆ ಇಳಿಸುವ ಎಕೋ ಬಂತು. ಅನ್ನನಾಳ ಹೃದಯದ ಎಡ ಮೇಲ್ಕೋಣೆಗೆ ಬೆನ್ನು ತಾಗಿಸಿಕೊಂಡೇ ಇರುವುದರಿಂದ, ಆ ಕೋಣೆಯ ಬಾಗಿಲಾದ ಮೈಟ್ರಲ್ ಕವಾಟದ ಹಿಂಬದಿ ಅಲ್ಲಿಂದ ನೆರಳಿಲ್ಲದೆ ಕಾಣುತ್ತದೆ. ಹೊಲಿಗೆಯ ಸುತ್ತಲಿನ ಸೋರಿಕೆ, ಹೆಪ್ಪುಗಟ್ಟಿದ ರಕ್ತ, ಸೋಂಕಿನ ಗಂಟು, ಇವುಗಳ ಪತ್ತೆಗೆ ಇದರಷ್ಟು ನೆರವಾದ ಪರೀಕ್ಷೆ ಇನ್ನೊಂದಿಲ್ಲ.

ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ ಬ್ಯೋರ್ಕ್-ಶೈಲಿ ಕವಾಟದ್ದು. ಸ್ವೀಡನ್ನಿನ ಶಸ್ತ್ರವೈದ್ಯ ವೈಕಿಂಗ್ ಬ್ಯೋರ್ಕ್ ಅವರ ಹೆಸರು ಹೊತ್ತ ಬಿಲ್ಲೆಯ ಕವಾಟ 1969ರಲ್ಲಿ ಬಳಕೆಗೆ ಬಂತು. ರಕ್ತ ಇನ್ನೂ ಸರಾಗವಾಗಿ ಹರಿಯಲೆಂದು ಬಿಲ್ಲೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ತಗ್ಗು ಇರುವ ಹೊಸ ಮಾದರಿ 1979ರಲ್ಲಿ ಮಾರುಕಟ್ಟೆಗೆ ಬಂತು. ಬಿಲ್ಲೆ ಜಾರಿಹೋಗದಂತೆ ಹಿಡಿದಿಡಲು ಒಂದು ಸಣ್ಣ ಲೋಹದ ತಂತಿ, ಅದರ ಎರಡು ಕಾಲುಗಳನ್ನು ಉಂಗುರಕ್ಕೆ ಬೆಸುಗೆ ಹಾಕಿರುತ್ತಾರೆ. ಎಲ್ಲ ಅನಾಹುತವೂ ಆ ಬೆಸುಗೆಯಲ್ಲಿತ್ತು.

ಮೊದಲು ಒಂದು ಕಾಲು ಬಿರುಕು ಬಿಡುತ್ತಿತ್ತು. ಆಗ ರೋಗಿಗೆ ಏನೂ ಅನಿಸುತ್ತಿರಲಿಲ್ಲ, ಕವಾಟ ಎಂದಿನಂತೆ ಬಡಿಯುತ್ತಿತ್ತು. ಆಮೇಲೆ ಎಂದೋ ಒಂದು ದಿನ ಇನ್ನೊಂದು ಕಾಲೂ ಮುರಿದು ಬಿಲ್ಲೆ ಕಳಚಿ ರಕ್ತದೊಂದಿಗೆ ಕೊಚ್ಚಿಹೋಗುತ್ತಿತ್ತು. ಇಂಥ ಸುಮಾರು 86,000 ಕವಾಟಗಳನ್ನು ಲೋಕದಾದ್ಯಂತ ರೋಗಿಗಳಿಗೆ ಹಾಕಲಾಗಿತ್ತು. ಅವುಗಳಲ್ಲಿ 600ಕ್ಕೂ ಹೆಚ್ಚು ಮುರಿದ ಪ್ರಕರಣಗಳು ಬೆಳಕಿಗೆ ಬಂದವು, ಹಾಗೆ ಕವಾಟ ಮುರಿದವರಲ್ಲಿ ಸರಿಸುಮಾರು ಮೂರರಲ್ಲಿ ಇಬ್ಬರು ಉಳಿಯಲಿಲ್ಲ. ಅದನ್ನು ತಯಾರಿಸುತ್ತಿದ್ದ ಶೈಲಿ ಕಂಪನಿ 1986ರಲ್ಲಿ ಕವಾಟವನ್ನು ಹಿಂತೆಗೆದುಕೊಂಡಿತು. 1990ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಈ ಬಗ್ಗೆ ಕಟುವಾದ ವರದಿ ಹೊರತಂದಿತು. ತಯಾರಿಕೆಯ ಕೆಲವು ದಾಖಲೆಗಳಲ್ಲಿ, ಆ ಹೊತ್ತಿಗೆ ಕೆಲಸದಲ್ಲೇ ಇಲ್ಲದವರ ಹೆಸರಿನಲ್ಲಿ ಬೆಸುಗೆಗೆ ಒಪ್ಪಿಗೆ ಹಾಕಲಾಗಿತ್ತೆಂಬ ವಿಷಯವೂ ಹೊರಬಿತ್ತು. ಶೈಲಿ ಕಂಪನಿಯ ಒಡೆತನ ಹೊಂದಿದ್ದ ಫೈಜರ್ 1994ರಲ್ಲಿ ಅಮೆರಿಕ ಸರ್ಕಾರಕ್ಕೆ 1.075 ಕೋಟಿ ಡಾಲರ್ ತೆತ್ತು ಆ ಆರೋಪಗಳನ್ನು ಇತ್ಯರ್ಥ ಮಾಡಿಕೊಂಡಿತು.

ಉಳಿದ ಸಾವಿರಾರು ಜನ ಎದೆಯಲ್ಲಿ ಅದೇ ಕವಾಟ ಹೊತ್ತು ಬದುಕಬೇಕಿತ್ತು. ತೆಗೆಸಿ ಬೇರೆ ಹಾಕಿಸೋಣವೆಂದರೆ ಎರಡನೇ ಸಲ ಎದೆ ತೆರೆಯುವುದೂ ಪ್ರಾಣಾಪಾಯದ್ದೇ. ಹೆಚ್ಚಿನ ಕವಾಟಗಳು ಕೊನೆಯವರೆಗೂ ಮುರಿಯುವುದಿಲ್ಲವೆಂದೂ ಗೊತ್ತಿತ್ತು. ಯಾರದು ಮುರಿಯುತ್ತದೆ, ಯಾರದು ಇಲ್ಲ? ಒಂದು ಕಾಲು ಬಿರುಕು ಬಿಟ್ಟು ಇನ್ನೊಂದು ಮುರಿಯುವವರೆಗಿನ ಅವಧಿಯಲ್ಲಿ ಅದನ್ನು ಹಿಡಿದರೆ ಮಾತ್ರ ಉತ್ತರ ಸಿಗುತ್ತಿತ್ತು. 1992ರಲ್ಲಿ ರೋಗಿಗಳೊಂದಿಗೆ ಆದ ಒಪ್ಪಂದದಂತೆ, ಇಂಥ ಪತ್ತೆ ವಿಧಾನಗಳ ಸಂಶೋಧನೆಗೆ ಮತ್ತು ಅಪಾಯದಲ್ಲಿರುವವರ ಮರುಶಸ್ತ್ರಚಿಕಿತ್ಸೆಗೆ 7.5 ಕೋಟಿ ಡಾಲರ್ ನಿಧಿಯನ್ನು ಕಂಪನಿ ತೆಗೆದಿಡಬೇಕಾಯಿತು.

ಮಿಷಿಗನ್‌ನ ವಿಲಿಯಂ ಬೋಮಾಂಟ್ ಆಸ್ಪತ್ರೆಯಲ್ಲಿ ವಿಲಿಯಂ ಓ'ನೀಲ್ ಮತ್ತು ಸಂಗಡಿಗರು ಅತಿ ಸೂಕ್ಷ್ಮ ಚಲನಚಿತ್ರದ ಎಕ್ಸ್-ರೇ ಪ್ರಯೋಗಿಸಿದರು. ರೋಗಿಯ ಎದೆಯ ಸುತ್ತ ಕ್ಯಾಮೆರಾವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಾ, ತಂತಿಯ ಕಾಲು ಉಂಗುರವನ್ನು ಸೇರುವ ಜಾಗ ನೇರವಾಗಿ ಕಾಣುವ ಕೋನವನ್ನು ಹುಡುಕಬೇಕು. ಬಡಿತದ ಯಾವುದೋ ಒಂದು ಕ್ಷಣದಲ್ಲಿ ಮಾತ್ರ ಬಿರುಕು ಬಾಯಿ ಬಿಡುತ್ತದೆ, ಮುಂದಿನ ಚೌಕಟ್ಟಿನಲ್ಲಿ ಮುಚ್ಚಿಕೊಳ್ಳುತ್ತದೆ. ಅಂಥ ಚೌಕಟ್ಟುಗಳನ್ನು ಒಂದೊಂದಾಗಿ ನೋಡಿ ಹೌದು ಇಲ್ಲವೆಂದು ಹೇಳಬೇಕು. ಈ ಬಗೆಯ ಎಕ್ಸ್-ರೇ ಎಷ್ಟು ನಂಬಲರ್ಹವೆಂದು ತಿಳಿಯಲು, ಬಿರುಕಿದೆಯೋ ಇಲ್ಲವೋ ಮೊದಲೇ ಗೊತ್ತಿದ್ದ ಕವಾಟಗಳನ್ನು ಕುರಿಗಳಿಗೆ ಹಾಕಿ ಸಂಶೋಧಕರು ಒರೆಗೆ ಹಚ್ಚಿದರು. ಎಲ್ಲ ಬಿರುಕುಗಳೂ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ತಂಡ ಕಿವಿಯನ್ನು ನಂಬಿತು. ಅಣ್ವಸ್ತ್ರಗಳ ಕೆಲಸಕ್ಕೆ ಹೆಸರಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಕ್ಯಾಂಡಿ ಮತ್ತು ಸಂಗಡಿಗರು ಎದೆಗೆ ಒತ್ತಿ ಹಿಡಿಯುವ ಮೈಕ್ರೋಫೋನಿನಿಂದ ಕವಾಟದ ಸದ್ದನ್ನು ಹಿಡಿದು, ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದರು. ಬಿರುಕು ಬಿಟ್ಟ ತಂತಿಯ ಕಂಪನ ಗಟ್ಟಿ ತಂತಿಯ ಕಂಪನದಂತಿರುವುದಿಲ್ಲ ಎಂಬುದು ಅವರ ಆಧಾರ. ಎದೆಯ ಮಾಂಸ, ಮೂಳೆ, ಶ್ವಾಸಕೋಶಗಳು ಸದ್ದನ್ನು ಕಲಸಿಬಿಡುವುದರಿಂದ, 50 ಕವಾಟಗಳನ್ನು ಪ್ರತಿಧ್ವನಿಯಿಲ್ಲದ ನೀರಿನ ತೊಟ್ಟಿಯಲ್ಲಿಟ್ಟು ಅವುಗಳ ಶುದ್ಧ ಸದ್ದನ್ನೂ ದಾಖಲಿಸಿದರು. ಹಫ್ನಗೆಲ್ ಕಾಲದಲ್ಲಿ ಬರಿಗಿವಿಗೆ ಕೇಳಿದ ಸದ್ದು, ಅರ್ಧ ಶತಮಾನದ ಮೇಲೆ ಈ ಮಟ್ಟದ ಗಣಿತಕ್ಕೆ ವಸ್ತುವಾಗಿತ್ತು.

ಕಲಿತ ಪಾಠ ವ್ಯರ್ಥವಾಗಲಿಲ್ಲ. ಸೋಂಕು ತಡೆಯಲೆಂದು ಹೊಲಿಗೆಯ ಬಟ್ಟೆಗೆ ಬೆಳ್ಳಿ ಲೇಪಿಸಿದ ಸಿಲ್‌ಜೋನ್ ಕವಾಟ 1990ರ ದಶಕದ ಕೊನೆಯಲ್ಲಿ ಬಂದಾಗ, ಅದನ್ನು ಹಳೆಯ ಕವಾಟದೊಂದಿಗೆ ಹೋಲಿಸುವ ಪ್ರಯೋಗವೂ ಜೊತೆಜೊತೆಗೇ ನಡೆದಿತ್ತು. 807 ರೋಗಿಗಳು ಸೇರಿದ್ದಷ್ಟೇ, ಬೆಳ್ಳಿ ಲೇಪದ ಕವಾಟದ ಸುತ್ತ ಸೋರಿಕೆ ಹೆಚ್ಚೆಂದು ಎದ್ದು ಕಂಡಿತು. 2000ದ ಜನವರಿಯಲ್ಲಿ ತಯಾರಕರೇ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುಮಾರು 36,000 ರೋಗಿಗಳಿಗೆ ಅದನ್ನು ಹಾಕಿಯಾಗಿತ್ತು ಎಂಬುದು ನಿಜ, ಆದರೆ ಈ ಸಲ ಹೆಣಗಳನ್ನು ಎಣಿಸಿ ತಿಳಿಯಬೇಕಾಗಲಿಲ್ಲ.

ಭಾರತದ ಕತೆಗೆ ಅದರದೇ ದಾರಿ. ಇಲ್ಲಿ ಕವಾಟ ಕೆಡುವುದು ಬಹುಪಾಲು ಎಳೆಯ ವಯಸ್ಸಿನಲ್ಲಿ ಬರುವ ರುಮ್ಯಾಟಿಕ್ ಜ್ವರದಿಂದ, ಅದೂ ಬಡವರಲ್ಲೇ ಹೆಚ್ಚು. ಆಮದಿನ ಕವಾಟ ಅವರ ಕೈಗೆಟಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ನೇತೃತ್ವದ ತಂಡ ದೇಶೀ ಕವಾಟಕ್ಕೆ ಕೈಹಾಕಿತು. ಮೊದಲ ಮೂರು ಮಾದರಿಗಳನ್ನು ಅವರೇ ಕೈಬಿಟ್ಟರು: ಒಂದರಲ್ಲಿ ಬೆಸುಗೆ ಕೈಕೊಟ್ಟಿತು, ಇನ್ನೊಂದರಲ್ಲಿ ಲೋಹ ಸವೆಯಿತು, ಮತ್ತೊಂದರಲ್ಲಿ ನೀಲಮಣಿಯ ಬಿಲ್ಲೆ ಒಡೆಯಿತು. ಮನುಷ್ಯರ ಎದೆಗೆ ಹೋಗುವ ಮೊದಲೇ ಪರೀಕ್ಷೆಯಲ್ಲಿ ದೋಷ ಹಿಡಿದು ನಿಲ್ಲಿಸಿದ ಈ ತಾಳ್ಮೆಗೆ ಎಷ್ಟು ಮನ್ನಣೆ ಕೊಟ್ಟರೂ ಕಡಿಮೆಯೇ. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇರುವ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಹಾಕಲಾಯಿತು. ಟಿಟಿಕೆ ಕಂಪನಿ ತಯಾರಿಸುವ ಈ ಚಿತ್ರಾ ಕವಾಟ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ವಲಿಯತ್ತಾನ್ ಆಮೇಲೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದರು, 2024ರ ಜುಲೈನಲ್ಲಿ ತೀರಿಕೊಂಡರು.

ಚಿತ್ರಾ ಕವಾಟದ ದೋಷ ಪತ್ತೆಯ ಮಟ್ಟಿಗೆ ಒಂದು ವಿಶೇಷವಿದೆ. ಅದರ ಪ್ಲಾಸ್ಟಿಕ್ ಬಿಲ್ಲೆ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಎರಡು ರೆಕ್ಕೆಗಳ ಕಾರ್ಬನ್ ಕವಾಟವಾದರೆ, ರೆಕ್ಕೆಗಳು ಎಷ್ಟು ಡಿಗ್ರಿ ತೆರೆಯುತ್ತಿವೆ, ಒಂದು ರೆಕ್ಕೆ ಅಲುಗದೆ ನಿಂತಿದೆಯೇ ಎಂಬುದನ್ನು ಓಡುವ ಎಕ್ಸ್-ರೇಯಲ್ಲಿ ಕೆಲವೇ ನಿಮಿಷಗಳಲ್ಲಿ ಹೇಳಬಹುದು. ಚಿತ್ರಾ ಕವಾಟದಲ್ಲಿ ಆ ಸುಲಭದ ದಾರಿಯಿಲ್ಲ, ಎಕೋ ಮತ್ತು ಸ್ಟೆತಾಸ್ಕೋಪನ್ನೇ ನೆಚ್ಚಬೇಕು.

ನಮ್ಮಲ್ಲಿ ಲೋಹದ ಕವಾಟಗಳಿಗೆ ಬರುವ ದೊಡ್ಡ ಕಂಟಕ ರಕ್ತ ಹೆಪ್ಪುಗಟ್ಟುವುದು. ಅದನ್ನು ತಡೆಯಲು ರೋಗಿ ಜೀವಮಾನವಿಡೀ ವಾರ್ಫರಿನ್ ಅಥವಾ ಅಂಥದೇ ಮಾತ್ರೆ ನುಂಗಬೇಕು, ರಕ್ತ ಎಷ್ಟು ತೆಳುವಾಗಿದೆಯೆಂದು ಆಗಾಗ ಪರೀಕ್ಷಿಸಬೇಕು. ಒಂದೊಂದು ಲ್ಯಾಬಿನಲ್ಲಿ ಒಂದೊಂದು ಉತ್ತರ ಬರುತ್ತಿದ್ದ ಆ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಒಂದೇ ಅಳತೆಯನ್ನು ತಂದಿತು. ರೋಗಿಗಳ ಬಾಯಲ್ಲಿ ಇವತ್ತು ಸಲೀಸಾಗಿ ಬರುವ ಐಎನ್ಆರ್ ಅದೇ. ಹಳ್ಳಿಯಿಂದ ಪಟ್ಟಣಕ್ಕೆ ಬಸ್ಸು ಹತ್ತಿ ಹೋಗಿ, ದಿನದ ಕೂಲಿ ಬಿಟ್ಟು ಮಾಡಿಸಬೇಕಾದ ಪರೀಕ್ಷೆಯಾದ್ದರಿಂದ ಎಷ್ಟೋ ಮಂದಿ ಅದನ್ನು ಮುಂದೂಡುತ್ತಾರೆ, ಮಾತ್ರೆ ಮುಗಿದರೂ ಸುಮ್ಮನಿರುತ್ತಾರೆ. ಕವಾಟದಲ್ಲಿ ಹೆಪ್ಪು ಕಟ್ಟಿದರೆ ಅದನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಚಿಕಿತ್ಸೆಯ ಬಗ್ಗೆ ದೆಹಲಿಯ ಏಮ್ಸ್ ವೈದ್ಯರು 120 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಔಷಧವನ್ನು ಬೇಗ ಹರಿಸಿದವರಲ್ಲಿ ಶೇ 64, ನಿಧಾನವಾಗಿ ಹರಿಸಿದವರಲ್ಲಿ ಶೇ 53 ಮಂದಿ ಪೂರ್ತಿ ಚೇತರಿಸಿಕೊಂಡರು. ಎರಡು ಗುಂಪುಗಳ ನಡುವಿನ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವೆನ್ನುವಷ್ಟು ಇರಲಿಲ್ಲ. ಎರಡರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಪೂರ್ತಿ ಗುಣ ಕಾಣದೆ ಉಳಿದದ್ದನ್ನು ಮರೆಯುವಂತಿಲ್ಲ.

ಈಚೆಗೆ ಸಿಟಿ ಸ್ಕ್ಯಾನ್ ಕೂಡ ಸೇರಿಕೊಂಡಿದೆ. ಕವಾಟವನ್ನು ತಡೆದಿರುವುದು ಮೆತ್ತಗಿನ ರಕ್ತದ ಹೆಪ್ಪೋ, ವರ್ಷಗಟ್ಟಲೆ ಬೆಳೆದ ಗಟ್ಟಿ ನಾರಿನ ಪೊರೆಯೋ ಎಂದು ಬಿಡಿಸಿ ಹೇಳಲು ಅದು ನೆರವಾಗುತ್ತದೆ. ಹೆಪ್ಪಾದರೆ ಕರಗಿಸಬಹುದು, ಪೊರೆಯಾದರೆ ಶಸ್ತ್ರಚಿಕಿತ್ಸೆಯೇ ಗತಿ.

ಲೋಹದ ಕವಾಟ ಹಾಕಿಸಿಕೊಂಡವರೂ ಅವರ ಮನೆಯವರೂ ಇಷ್ಟನ್ನು ನೆನಪಿಡಬೇಕು. ರಾತ್ರಿಯ ಮೌನದಲ್ಲಿ ಕೇಳುತ್ತಿದ್ದ ಟಿಕ್ ಟಿಕ್ ಸದ್ದು ಮಂಕಾದರೆ ಅಥವಾ ನಿಂತರೆ, ಹೊಸದಾಗಿ ಏದುಸಿರು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಮೂತ್ರ ಕಪ್ಪಗಾದರೆ ನಾಳೆಗೆಂದು ಕಾಯಬೇಡಿ, ಅದೇ ದಿನ ಎಕೋ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಯಾವ ಕವಾಟ, ಯಾವ ಅಳತೆ, ಯಾವಾಗ ಹಾಕಿದ್ದು ಎಂದು ಬರೆದಿರುವ ಕಾರ್ಡನ್ನೂ, ಶಸ್ತ್ರಚಿಕಿತ್ಸೆಯಾದ ಮೇಲೆ ಮಾಡಿದ ಮೊದಲ ಎಕೋ ವರದಿಯನ್ನೂ ಜೊತೆಗೆ ಒಯ್ಯಿರಿ. ಕವಾಟ ಸರಿಯಿದ್ದಾಗಿನ ಅಂಕಿಗಳು ಆ ಹಳೆಯ ವರದಿಯಲ್ಲಿರುತ್ತವೆ, ಈಗಿನದನ್ನು ವೈದ್ಯರು ಹೋಲಿಸಿ ನೋಡುವುದು ಅದರೊಂದಿಗೇ.